ಆಮೆಯ ಹೊಟ್ಟೆ

ಮಾರ್ಚ್ 2, ಭಾನುವಾರ

ಸಂಜೆ ಏಳು ಗಂಟೆ. ಇವತ್ತು ರಜೆ. ಬಟ್ಟೆ ಒಗೆದೆ, ಅಡುಗೆಮನೆಯ ನಲ್ಲಿಗೆ ವಾಷರ್ ಹಾಕಿದೆ, ಆಮೆಯ ಹೊಟ್ಟೆ ಬಿಚ್ಚಿದೆ. ಮೊದಲ ಎರಡು ಕೆಲಸ ಹತ್ತು ಗಂಟೆಯೊಳಗೆ ಮುಗಿದವು. ಮೂರನೆಯದಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ಆಮೇಲೆ ಊಟ ಸೇರಲಿಲ್ಲ.

ಆಮೆ ಅಂದರೆ ಕಸ ಗುಡಿಸುವ ಯಂತ್ರ. ತಟ್ಟೆಯ ಹಾಗೆ ದುಂಡಗಿದೆ, ನೆಲಕ್ಕೆ ಅಂಟಿಕೊಂಡು ತನ್ನಷ್ಟಕ್ಕೆ ತಾನೇ ಓಡಾಡುತ್ತದೆ. ಆ ಹೆಸರು ಇಟ್ಟವಳು ನನ್ನ ಹೆಂಡತಿ. ಕಾಯಿಲೆ ಶುರುವಾದ ಮೇಲೆ ಅವಳಿಗೆ ಬಗ್ಗಿ ಗುಡಿಸಲು ಆಗುತ್ತಿರಲಿಲ್ಲ, ಆಗ ತಂದದ್ದು. ಎರಡು ವರ್ಷ ಮನೆಯಿಡೀ ಸುತ್ತಿತು. ಅವಳು ಹೋದ ದಿನದಿಂದ ಮಂಚದ ಕೆಳಗೆ ಸುಮ್ಮನೆ ಬಿದ್ದಿತ್ತು. ಅವಳು ಹೋಗಿ ಇವತ್ತಿಗೆ ಎಪ್ಪತ್ತೊಂಬತ್ತು ದಿನ. ನೆಲ ಕಾಲಿಗೆ ಮರಳು ಮರಳಾಗಿ ಸಿಗುತ್ತಿತ್ತು, ಹಾಗಾಗಿ ಹೋದ ಸೋಮವಾರ ಚಾಲೂ ಮಾಡಿದೆ. ಐದು ದಿನ ಓಡಿ ನಿನ್ನೆ ನಡುಮನೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ನಿಂತುಬಿಟ್ಟಿತು.

ಅದರೊಳಗೆ ಏನಿರುತ್ತದೆ ಎಂದು ನಾನು ಈವರೆಗೆ ನೋಡಿರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಬಿಚ್ಚಬೇಕಾಗಿ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಕಸವೇ ಆಗುವುದಿಲ್ಲ ಎಂದು ಕೆಲಸದ ಜಾಗದಲ್ಲಿ ಜಂಬ ಕೊಚ್ಚಿದ್ದೂ ಉಂಟು. ಇವತ್ತು ಡಬ್ಬಿ ಎಳೆದ ತಕ್ಷಣ ಬೂದು ಬಣ್ಣದ ಒಂದು ಮುದ್ದೆ ನನ್ನ ಮೊಣಕಾಲ ಮೇಲೆ ಬಿತ್ತು. ಸತ್ತ ಇಲಿಯಷ್ಟು ದಪ್ಪ, ಅಷ್ಟೇ ಮೆತ್ತಗೆ. ಅದರಲ್ಲಿ ಬಿಸ್ಕತ್ತಿನ ಚೂರು, ಜಿರಲೆಯ ಒಂದು ಕಾಲು, ಮೈಯಿಂದ ಉದುರಿದ ಹೊಟ್ಟು, ಹಳದಿಗಟ್ಟಿದ ಉಗುರಿನ ತುಂಡುಗಳು. ಉರುಳುವ ಬ್ರಷ್ಷಿಗೆ ಬಿಳಿ ಕೂದಲು ಹಗ್ಗದಂತೆ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಕೊಯ್ದು ಎಳೆದರೆ ಜೊಂಪೆ ಜೊಂಪೆಯಾಗಿ ಬಂತು, ಎಣ್ಣೆಯ ಜಿಡ್ಡು ಬೇರೆ. ಎರಡು ಸಲ ವಾಕರಿಕೆ ಬಂತು.

ನಾನು ಲಿಫ್ಟ್ ರಿಪೇರಿಯವನು. ಮೂವತ್ತು ವರ್ಷದಿಂದ ಮೊಣಕೈವರೆಗೆ ಗ್ರೀಸಿನಲ್ಲಿ ಅದ್ದಿಕೊಂಡೇ ಬದುಕಿದ್ದೇನೆ. ಲಿಫ್ಟಿನ ಗುಂಡಿಗಿಳಿದು ಸತ್ತ ಪಾರಿವಾಳ ಎತ್ತಿ ಹಾಕಿ, ಅದೇ ಕೈ ತೊಳೆದುಕೊಂಡು ಉಂಡಿದ್ದೇನೆ. ಆ ಕೊಳೆ ಯಾರದೆಂದು ನನಗೆ ಗೊತ್ತಿರುವುದಿಲ್ಲ. ಈ ಡಬ್ಬಿಯದು ಯಾರದೆಂದು ಚೆನ್ನಾಗಿ ಗೊತ್ತು.

ಅದು ಅತ್ತೆಯದು, ನನ್ನ ಹೆಂಡತಿಯ ತಾಯಿಯದು. ಮಗಳನ್ನು ನೋಡಿಕೊಳ್ಳಲು ಒಂದು ಚೀಲ ಹಿಡಿದು ಬಂದವರು. ಮಗಳು ಹೋದಳು, ಇವರು ಇದ್ದಾರೆ. ನಮಗೆ ಮಕ್ಕಳಿಲ್ಲ. ಈಗ ಈ ಮನೆಯಲ್ಲಿ ನಾನು, ಅತ್ತೆ, ಆಮೆ. ಇಡೀ ದಿನದಲ್ಲಿ ನಾವು ಆಡುವ ಮಾತು ಇಷ್ಟೇ. ಊಟ ಆಯ್ತಾ ಅಳಿಯಂದಿರೇ. ಆಯ್ತು.

ಮಾರ್ಚ್ 4, ಮಂಗಳವಾರ

ಅತ್ತೆ ಕಿಟಕಿಯ ಪಕ್ಕ ಕೂತು ಕಾಲುಗುರು ಕತ್ತರಿಸುತ್ತಿದ್ದರು. ಕೈಬೆರಳು ಬಾಗಿರುವುದರಿಂದ ಕತ್ತರಿ ಜಾರುತ್ತದೆ, ಉಗುರು ಚಿಟ್ಟೆಂದು ಎಲ್ಲಿಗೋ ಹಾರುತ್ತದೆ. ಒಂದು ನನ್ನ ಚಹಾದ ಲೋಟದ ಹತ್ತಿರ ಬಿತ್ತು. ಚಹಾ ಚೆಲ್ಲಿದೆ.

ಮಾರ್ಚ್ 9, ಭಾನುವಾರ

ಆಮೆಯನ್ನು ಮತ್ತೆ ಬಿಚ್ಚಿದೆ. ವಾರಕ್ಕೊಮ್ಮೆ ಮಾಡದಿದ್ದರೆ ಮತ್ತೆ ನಿಂತುಬಿಡಬಹುದು ಎಂದು ಅನ್ನಿಸಿತು. ಅದರ ಕೈಪಿಡಿ ಅವಳ ಮೇಜಿನ ಖಾನೆಯಲ್ಲಿದೆ. ಆ ಖಾನೆಯನ್ನು ನಾನು ತೆಗೆದಿಲ್ಲ. ತೆಗೆಯಬೇಕಾದ ಅಗತ್ಯವೂ ಇಲ್ಲ, ಹನ್ನೆರಡು ಮಹಡಿಯ ಲಿಫ್ಟ್ ಬಿಚ್ಚಿ ಜೋಡಿಸುವವನಿಗೆ ಇದೇನು ಮಹಾ.

ಕೈಗೆ ರಬ್ಬರ್ ಗ್ಲೋವ್ಸ್, ಮೂಗಿಗೆ ಕರವಸ್ತ್ರ. ಡಬ್ಬಿಯನ್ನು ಸಾಬೂನು ನೀರಿನಲ್ಲಿ ಉಜ್ಜಿದೆ. ಪಕ್ಕದ ಮೂರು ಕಾಲಿನ ಬ್ರಷ್ಷನ್ನೂ ಉಜ್ಜಿದೆ. ಡಬ್ಬಿಯ ಬಾಯಿಗೆ ಮಡಿಕೆ ಮಡಿಕೆಯಾಗಿ ಕಾಗದದಂಥ ಒಂದು ಫಿಲ್ಟರ್ ಇದೆ. ಬಡಿದರೆ ಹಿಟ್ಟಿನಂಥ ಧೂಳು ಎದ್ದು ಕಣ್ಣಿಗೆ, ಬಾಯಿಗೆ ಬಂತು. ಅದು ಏನಿರಬಹುದು ಎಂದು ಯೋಚಿಸಿ ಉಗಿದೆ, ಮತ್ತೆ ಉಗಿದೆ. ಅದನ್ನು ನಲ್ಲಿಯ ಕೆಳಗೆ ಹಿಡಿದೆ. ಮೊದಲು ಕಪ್ಪು ನೀರು, ಆಮೇಲೆ ಬೂದು, ಕೊನೆಗೆ ತಿಳಿ ನೀರು ಬಂತು. ಚೆನ್ನಾಗಿ ಕೊಡವಿ ಹಾಕಿದೆ. ಆಮೆ ಹೊಸದರ ಹಾಗೆ ಆಯಿತು. ಅತ್ತೆಯ ಕೋಣೆಯಲ್ಲಿ ಮಂಚದ ಕೆಳಗೆ ಅದರ ಚಾರ್ಜಿಂಗ್ ಜಾಗ. ಅಲ್ಲಿಗೆ ಬಿಟ್ಟೆ. ದಿನಾ ಹತ್ತು ಗಂಟೆಗೆ ತಾನೇ ಹೊರಡುತ್ತದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದ ಹಾಗಾಯಿತು. ನಾನು ಸ್ನಾನಕ್ಕೆ ಹೋದೆ.

ಮಾರ್ಚ್ 12, ಬುಧವಾರ

ಮನೆಯಲ್ಲಿ ಏನೋ ವಾಸನೆ.

ಮಾರ್ಚ್ 13, ಗುರುವಾರ

ವಾಸನೆ ಹೆಚ್ಚಾಗಿದೆ. ಹುಳಿ ಹುಳಿ, ಮುಗ್ಗಲು, ಅದರ ಜೊತೆ ನಾಯಿ ಮಲಗಿದ್ದ ಗೋಣಿಚೀಲದ ನಾತ. ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯುತ್ತದೆ. ಎದುರುಮನೆಯ ಮೇಷ್ಟ್ರು ಮೆಟ್ಟಿಲ ಹತ್ತಿರ ಸಿಕ್ಕಿ, ಇಲಿ ಸತ್ತಿರಬೇಕು ನೋಡಿ, ಬಿಸಿಲು ಏರುವ ಮುಂಚೆ ಹುಡುಕಿ ಎಂದು ಉಪಕಾರ ಮಾಡುವವರ ಹಾಗೆ ಹೇಳಿದರು. ಬೀರು ಸರಿಸಿದೆ, ಒಲೆಯ ಹಿಂದೆ ಟಾರ್ಚ್ ಹಾಕಿದೆ, ಬಚ್ಚಲ ಜಾಲರಿ ಎತ್ತಿದೆ. ಎಲ್ಲೂ ಇಲಿಯಿಲ್ಲ.

ಎಲ್ಲಕ್ಕಿಂತ ಜಾಸ್ತಿ ಅತ್ತೆಯ ಕೋಣೆಯಲ್ಲಿದೆ. ಅವರಿಗೆ ಎಪ್ಪತ್ತನಾಲ್ಕು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಮಾರ್ಚ್ 14, ಶುಕ್ರವಾರ

ಹೇಳಿಬಿಟ್ಟೆ. ಬೂಟು ಹಾಕಿಕೊಳ್ಳುತ್ತಾ, ಮುಖ ನೋಡದೆ ಹೇಳಿದೆ. ಅತ್ತೆ, ರೂಮಲ್ಲಿ ವಾಸನೆ ಬರ್ತಿದೆ, ಹಾಸಿಗೆ ಸ್ವಲ್ಪ ಬಿಸಿಲಿಗೆ ಹಾಕ್ತೀರಾ, ಅಂದೆ.

ಅವರು "ಎಷ್ಟು ದಿನದಿಂದ?" ಎಂದು ಕೇಳಿದರು.

ಮೂರು ದಿನ ಅಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಹೊತ್ತಾಗಿರಲಿಲ್ಲ.

ಮಾರ್ಚ್ 16, ಭಾನುವಾರ

ಆಮೆಯನ್ನು ಇವತ್ತು ಮುಟ್ಟಲಿಲ್ಲ. ಮನಸ್ಸಿಲ್ಲ. ಒಂದು ವಾರ ಅದೇ ಉಗುರು, ಅದೇ ಕೂದಲು ಕೈಯಲ್ಲಿ ಹಿಡಿಯದಿದ್ದರೆ ಯಾರೂ ಸಾಯುವುದಿಲ್ಲ.

ಬಾಮೈದನಿಗೆ ಫೋನ್ ಮಾಡಿದೆ. ಅತ್ತೆಯ ಮಗ, ಹೆಂಡತಿಗೆ ತಮ್ಮ. ಕಾರಿನಲ್ಲಿ ನಾಲ್ಕು ಗಂಟೆಯ ದಾರಿಯಲ್ಲಿದ್ದಾನೆ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾನೆ. ಅತ್ತೆಗೆ ಇಲ್ಲಿ ಬೇಜಾರು, ನಾನು ಇಡೀ ದಿನ ಹೊರಗಿರುತ್ತೇನೆ ಎಂದು ಶುರುಮಾಡಿ, ಕೊನೆಗೆ ವಾಸನೆಯ ವಿಷಯವನ್ನೂ ಹೇಳಿದೆ. ಅವನು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡ. ನಮ್ಮನೆ ಚಿಕ್ಕದು ಭಾವ, ಆದರೂ ಅಮ್ಮ ಅಲ್ವಾ, ಮೂವತ್ತನೇ ತಾರೀಕು ಭಾನುವಾರ ಬರ್ತೀನಿ, ಅಂದ.

ಅತ್ತೆಗೆ ಅವನೇ ಫೋನಿನಲ್ಲಿ ತಿಳಿಸಿದ. ಅವರು ಹೂಂ ಅಂದದ್ದು ಮಾತ್ರ ನನಗೆ ಕೇಳಿಸಿತು. ಎರಡೇ ವಾರ. ಆಮೇಲೆ ಮನೆಯೆಲ್ಲ ಫಿನಾಯಿಲ್ ಹಾಕಿ ತೊಳೆಯಬಹುದು.

ಮಾರ್ಚ್ 19, ಬುಧವಾರ

ಅತ್ತೆ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದಾರೆ. ಹಾಸಿಗೆ, ದಿಂಬಿನ ಕವರು, ಉಟ್ಟದ್ದು, ಉಡದೆ ಇಟ್ಟದ್ದು ಎಲ್ಲ ಒಗೆದು ಬಾಲ್ಕನಿಯ ತಂತಿಗೆ ಹಾಕಿದ್ದಾರೆ. ಬಾಗಿದ ಬೆರಳಿನಲ್ಲಿ ಹಿಂಡಲು ಆಗದೆ ನೀರು ಸೋರಿ ಕೆಳಮನೆಯವರ ಕಿಟಕಿಗೆ ಬಿದ್ದು ಅವರು ಬಂದು ಕೂಗಾಡಿದರಂತೆ. ಊಟವನ್ನು ತಮ್ಮ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಮಾಡುತ್ತಾರೆ. ನನ್ನ ಎದುರು ಬರುವಾಗ ಎರಡು ಹೆಜ್ಜೆ ದೂರ ನಿಲ್ಲುತ್ತಾರೆ.

ಆದರೂ ವಾಸನೆ ಹೋಗಿಲ್ಲ. ಇವತ್ತು ಸಾಬೂನಿನ ಘಮದ ಕೆಳಗೇ ಅದು ಇತ್ತು. ಎರಡೂ ಸೇರಿ ಇನ್ನೂ ಅಸಹ್ಯ. ಮನೆಗೆ ಬರುವ ಮುಂಚೆ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಮಾರ್ಚ್ 22, ಶನಿವಾರ

ಸಂಜೆ ಆರು. ಬರೆಯಬೇಕೋ ಬೇಡವೋ ಎಂದು ಚಹಾ ಆರುವವರೆಗೆ ಕೂತಿದ್ದೆ. ಬರೆಯುತ್ತೇನೆ.

ಬೆಳಿಗ್ಗೆ ನಾನು ಮತ್ತು ಉದ್ದಪ್ಪ ಒಂದು ಕಚೇರಿಯ ಲಿಫ್ಟ್ ನೋಡಲು ಹೋಗಿದ್ದೆವು. ಉದ್ದಪ್ಪ ನನ್ನ ಜೋಡಿ ಕೆಲಸದವನು. ಎತ್ತರ ನೋಡಿ ಎಲ್ಲರೂ ಹಾಗೆ ಕರೆಯುತ್ತಾರೆ. ಲಿಫ್ಟಿನ ಮೋಟಾರು ಬಿಸಿಯಾಗಿ ನಿಂತುಬಿಡುತ್ತಿದೆ ಎಂದು ದೂರು. ತಾರಸಿಯ ಮೇಲಿನ ಮೋಟಾರು ಕೋಣೆಯ ಬಾಗಿಲು ತೆಗೆದೆ. ನಮ್ಮ ಮನೆಯ ವಾಸನೆ ಮುಖಕ್ಕೆ ಬಂತು.

ಅದೇ ವಾಸನೆ. ಹುಳಿ, ಮುಗ್ಗಲು, ಗೋಣಿಚೀಲ. ಒಂದು ಕ್ಷಣ ಅತ್ತೆ ಇಲ್ಲಿಗೆ ಹೇಗೆ ಬಂದರು ಎಂದೇ ಅನ್ನಿಸಿತು. ನೆಲ ಒರೆಸುವಾತ ಒದ್ದೆ ಬಟ್ಟೆಗಳನ್ನು ಒಣಗಲಿ ಎಂದು ಮೋಟಾರಿನ ಗಾಳಿ ಜಾಲರಿಯ ಮೇಲೆ ಹರವಿದ್ದ. ಎಷ್ಟು ದಿನದಿಂದಲೋ. ಉದ್ದಪ್ಪ ಮೂಗು ಮುಚ್ಚಿಕೊಂಡು, "ಒದ್ದೇಲಿ ಧೂಳು ಕೂತು ಬಿಸಿ ಗಾಳಿ ಹೊಡೆದ್ರೆ ಇನ್ನೇನಾಗುತ್ತೆ, ಕೊಳೆಯುತ್ತೆ," ಅಂದ. ನಾನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ. ಏನಾಯ್ತೋ, ಮುಖ ಹೀಗಾಗಿದೆ, ಎಂದು ಕೇಳಿದ. ಏನಿಲ್ಲ ಅಂದೆ.

ಮನೆಗೆ ಬಂದು ಬೂಟು ಬಿಚ್ಚದೆ ಅತ್ತೆಯ ಕೋಣೆಗೆ ಹೋದೆ. ಅವರು ಬಾಲ್ಕನಿಯಲ್ಲಿದ್ದರು. ಮಂಚದ ಕೆಳಗಿನಿಂದ ಆಮೆಯನ್ನು ಎಳೆದು, ಹಿಂದಿನ ಗಾಳಿ ಕಿಂಡಿಗೆ ಮೂಗು ಹಿಡಿದೆ.

ಫಿಲ್ಟರ್ ತೆಗೆದರೆ ಮಡಿಕೆಗಳ ನಡುವೆ ಧೂಳು ಕೆಸರಾಗಿ ಗಟ್ಟಿಯಾಗಿತ್ತು. ಹಸಿರು ಚುಕ್ಕೆ, ಕಪ್ಪು ಚುಕ್ಕೆ. ಬೆರಳಿಟ್ಟಲ್ಲಿ ಲೋಳೆ. ನಾನು ತೊಳೆದು, ಒಣಗಿಸದೆ ಹಾಕಿದ್ದು. ಎರಡು ವಾರ ದಿನಾ ಹತ್ತು ಗಂಟೆಗೆ ಆಮೆ ಹೊರಟು ಆ ನಾತವನ್ನು ಮನೆಯ ಮೂಲೆ ಮೂಲೆಗೂ ಊದಿ, ಮತ್ತೆ ಅತ್ತೆಯ ತಲೆಯ ಕೆಳಗೆ ಬಂದು ಮಲಗಿದೆ.

ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಫಿಲ್ಟರಿನ ವಾಸನೆಗೆ ಅಲ್ಲ.

ಮಾರ್ಚ್ 23, ಭಾನುವಾರ

ಅತ್ತೆ ದುಪ್ಪಟಿ ಹಿಂಡುತ್ತಿದ್ದರು. ಇನ್ನೊಂದು ತುದಿ ಹಿಡಿದುಕೊಂಡೆ. ಹಿಂಡಿದ ಮೇಲೆ ಹೇಳಿದೆ. ವಾಸನೆ ನಿಮ್ಮದಲ್ಲ ಅತ್ತೆ, ಆಮೆಯದು, ನಾನು ಒದ್ದೆ ಫಿಲ್ಟರ್ ಹಾಕಿದ್ದೆ. ಮಾತು ಎಷ್ಟು ಬೇಗ ಮುಗಿದುಹೋಯಿತು. ಹತ್ತು ಪದವೂ ಆಗಲಿಲ್ಲ.

ಅವರು ದುಪ್ಪಟಿಯನ್ನು ತಂತಿಗೆ ಹಾಕಿ, ಸುಕ್ಕು ಬಿಡಿಸಿ, ಆಮೇಲೆ ಹೇಳಿದರು. "ಊರಿಗೆಲ್ಲ ಆ ದೊಡ್ಡ ಜ್ವರ ಬಂತಲ್ಲ, ಆಗಿಂದ ನಂಗೆ ಮೂಗಿಗೆ ಏನೂ ಗೊತ್ತಾಗಲ್ಲ ಅಳಿಯಂದಿರೇ. ನೀವು ಹೇಳಿದ್ರಿ. ಇರಬಹುದು ಅಂದ್ಕೊಂಡೆ. ವಯಸ್ಸಾದ ಮೈ."

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಆಮೆಯನ್ನು ತನ್ನಿ ಅಂದರು. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತರು. ಮೊದಲು ಪತ್ರಿಕೆ ಹಾಸಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ. ಬ್ರಷ್ಷಿನ ತುದಿಯ ಬಿರಡೆಯನ್ನು ತಿರುಗಿಸಿದರೆ ಕೂದಲೆಲ್ಲ ಬಳೆಯ ಹಾಗೆ ಒಂದೇ ಸಲ ಕಳಚಿ ಬರುತ್ತದೆ, ಬ್ಲೇಡು ಬೇಡ. ಡಬ್ಬಿಯನ್ನು ಚೀಲದೊಳಗೆ ಇಳಿಸಿ ಬಡಿದರೆ ಧೂಳು ಏಳುವುದಿಲ್ಲ. ಕೆಳಗಿನ ಪುಟ್ಟ ಗಾಜಿನ ಕಣ್ಣುಗಳನ್ನು ಒಣ ಬಟ್ಟೆಯಲ್ಲೇ ಒರೆಸಬೇಕು. ಫಿಲ್ಟರನ್ನು ಬಡಿದರೆ ಸಾಕು, ತೊಳೆದರೆ ಒಂದಿಡೀ ಹಗಲು ಒಂದಿಡೀ ರಾತ್ರಿ ಒಣಗಬೇಕು. ಅದಕ್ಕೇ ಅವರ ಹತ್ತಿರ ಎರಡು ಇದ್ದವಂತೆ. ಎರಡನೆಯದನ್ನು ತಮ್ಮ ಚೀಲದ ಜೇಬಿನಿಂದ ತೆಗೆದು ಕೊಟ್ಟರು.

ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. ಎರಡು ವರ್ಷ ದಿನಾ ಮಾಡಿದ್ದೇನಲ್ಲ ಅಂದರು. ನಾನು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ, ಅವಳು ಏಳುವ ಮುಂಚೆ. ಆ ದಿನ ಬಾಗಿಲಲ್ಲಿ ನಿಂತು ಹೇಳಲು ಬಂದದ್ದೂ ಇದನ್ನೇ. ನಾನು ನಿಲ್ಲಲಿಲ್ಲ.

ಕದ್ದು ಯಾಕೆ ಮಾಡಬೇಕಿತ್ತು ಅಂದೆ.

"ಒಂದೊಂದು ದಿನ ಮುಷ್ಟಿ ತುಂಬ ಬರೋದು ಅವಳ ಕೂದಲು. ಅವಳು ನೋಡೋದು ಬೇಡ ಅಂತ. ನೀವು ನೋಡೋದೂ ಬೇಡ ಅಂತ."

ಅವಳು ಆಗಾಗ ಹೇಳುತ್ತಿದ್ದಳು, ನೋಡಿ, ಈಗ ಉದುರೋದು ಕಮ್ಮಿಯಾಗಿದೆ, ನೆಲದ ಮೇಲೆ ಒಂದೂ ಇಲ್ಲ. ಹೌದು ಅನ್ನುತ್ತಿದ್ದೆ. ನಾನೂ ನಂಬಿದ್ದೆ. ನಮ್ಮ ಮನೆಯಲ್ಲಿ ಕಸವೇ ಇಲ್ಲ ಎಂದು ಉದ್ದಪ್ಪನ ಎದುರು ಹೇಳಿದ್ದೆ.

ಕೊನೆಗೆ ಅತ್ತೆ ಮುಂದಿನ ಪುಟ್ಟ ಚಕ್ರವನ್ನು ತೋರಿಸಿ ಕಿತ್ತುಕೊಡಿ ಅಂದರು. ಅವರ ಬೆರಳಿಗೆ ಅದು ಯಾವತ್ತೂ ಬಂದಿಲ್ಲವಂತೆ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದೆ. ಅಚ್ಚಿನ ಸುತ್ತ ಕೂದಲು ಗಟ್ಟಿಯಾಗಿ ಹೆಣೆದು ಕೂತಿತ್ತು. ಕಪ್ಪು ಕೂದಲು. ಜಿಡ್ಡು, ಧೂಳು ಸೇರಿ ಡಾಂಬರಿನ ಹಾಗೆ ಆಗಿತ್ತು, ಕಮಟು ವಾಸನೆ. ಇಬ್ಬರೂ ನೋಡುತ್ತಾ ಕೂತೆವು. ಅವಳದು ಎಂದು ಗೊತ್ತಿತ್ತು. ಆದರೂ ಮುಟ್ಟಲು ಹೇಸಿಗೆಯಾಯಿತು. ಅವಳದನ್ನೂ ಹೇಸಿದೆನಲ್ಲ ಎಂದು ಇನ್ನಷ್ಟು ಹೇಸಿಗೆಯಾಯಿತು.

ಅತ್ತೆ ನನ್ನ ಮುಖ ನೋಡಿ, "ಹೇಸಿಗೆ ಆಗುತ್ತೆ. ನಂಗೂ ಆಗ್ತಿತ್ತು, ದಿನಾ. ಬಿಸಾಕಿ," ಅಂದರು.

ಪತ್ರಿಕೆಯಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಚಕ್ರ ಈಗ ಸಲೀಸಾಗಿ ತಿರುಗುತ್ತದೆ.

ಮಾರ್ಚ್ 27, ಗುರುವಾರ

ಅತ್ತೆ ಚೀಲ ತುಂಬಿಸಿದ್ದಾರೆ. ಬಾಮೈದ ಫೋನ್ ಮಾಡಿ ಭಾನುವಾರ ಹನ್ನೊಂದಕ್ಕೆ ಬರುತ್ತೇನೆ ಅಂದ. ಆಯಿತು ಅಂದೆ. ಬೇರೆ ಏನು ಹೇಳಲಿ? ಕರೆಸಿದವನೇ ನಾನು. ಅವರಿಗೂ ಹೋಗುವ ಮನಸ್ಸಿರಬಹುದು, ಮಗನ ಮನೆ.

ಸಂಜೆ ಕಿಟಕಿಯ ಹತ್ತಿರ ಮತ್ತೆ ಕಾಲುಗುರಿನ ಜೊತೆ ಗುದ್ದಾಡುತ್ತಿದ್ದರು. ಪತ್ರಿಕೆ ಹಾಸಿ ಕತ್ತರಿ ಕಿತ್ತುಕೊಂಡೆ. ಅಳಿಯನ ಕೈಲಿ ಕಾಲು ಹಿಡಿಸಿಕೊಳ್ಳೋದಾ, ನೋಡಿದವರು ಏನಂದಾರು, ಎಂದು ಕಾಲು ಎಳೆದುಕೊಂಡರು. ಇಲ್ಲಿ ನೋಡೋರು ಯಾರಿದಾರೆ, ಆಮೆ ಒಂದೇ ಅಂದೆ. ಉಗುರು ದಪ್ಪ, ಅಂಚಿನಲ್ಲಿ ಒಳಕ್ಕೆ ಬೆಳೆದಿದೆ, ಕೆಳಗೆ ಬಿಳಿ ಹಿಟ್ಟು. ನೋಡಲು ಆಗುವುದಿಲ್ಲ. ನನ್ನ ಸಣ್ಣ ಕಟಿಂಗ್ ಪ್ಲೇಯರನ್ನು ಬಿಸಿನೀರಿನಲ್ಲಿ ತೊಳೆದು ಅದರಲ್ಲೇ ಕತ್ತರಿಸಿದೆ. ಹತ್ತೂ ಬೆರಳಿಗೆ ಅರ್ಧ ಗಂಟೆ ಹಿಡಿಯಿತು. ಆಮೆಯ ಡಬ್ಬಿಗೆ ಹೋಗಬಾರದಲ್ಲ, ಅದಕ್ಕೆ ಮಾಡಿದ್ದು.

ರಬ್ಬರ್ ಗ್ಲೋವ್ಸ್ ಹಾಕಿಕೊಳ್ಳಲು ಮರೆತಿದ್ದೆ. ಆಮೇಲೆ ಕೈ ತೊಳೆದುಕೊಂಡೆ.

ಮಾರ್ಚ್ 30, ಭಾನುವಾರ

ಸಂಜೆ ಏಳು. ಬೆಳಿಗ್ಗೆ ಆಮೆಯನ್ನು ನಾನೊಬ್ಬನೇ ಬಿಚ್ಚಿ ಜೋಡಿಸಿದೆ. ಅತ್ತೆ ಕುರ್ಚಿಯಿಂದ ನೋಡಿ ಎರಡು ತಪ್ಪು ಹಿಡಿದರು. ಡಬ್ಬಿಯಲ್ಲಿ ಇವತ್ತೂ ಹೇಸಿಗೆಯೇ ಇತ್ತು. ಹೊಟ್ಟು, ಕೂದಲು, ಒಂದು ಸತ್ತ ಹಲ್ಲಿಮರಿ. ಹಲ್ಲಿಯ ಬಾಲ ಬೇರೆಯಾಗಿತ್ತು.

ಬಾಮೈದ ಹನ್ನೊಂದೂವರೆಗೆ ಬಂದ. ಬಂದವನೇ ಬಾಗಿಲಲ್ಲಿ ನಿಂತು ಮೂಗು ಸಣ್ಣಗೆ ಮಾಡಿ ಗಾಳಿ ಎಳೆದು ನೋಡಿದ. ಅವನ ತಾಯಿ ಅದನ್ನು ನೋಡಿದರು. ನನಗೆ ಅವನ ಮೇಲೆ ಹೇಸಿಗೆಯಾಯಿತು. ಹಾಗೆ ಮೂಗು ಮಾಡುವುದನ್ನು ಅವನಿಗೆ ಕಲಿಸಿದವನು ನಾನೇ.

ಚಹಾ ಕುಡಿದ. ಸೀಟಿನ ಜಾಗ, ದಾರಿಯ ಬಿಸಿಲು, ಅವನ ಹೆಂಡತಿ ತಯಾರು ಮಾಡಿಟ್ಟಿರುವ ಮಂಚ, ಎಲ್ಲ ಮಾತಾಯಿತು. ಅತ್ತೆ ಕುರ್ಚಿಯಲ್ಲಿ ಕೂತು ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತಿದ್ದರು. ಬೆರಳು ಬಗ್ಗದೆ ಪಟ್ಟಿ ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತಿತ್ತು. ನಾವಿಬ್ಬರು ಗಂಡಸರು ಚೀಲ ಹಿಡಿದು ನಿಂತು ಅದನ್ನೇ ನೋಡುತ್ತಿದ್ದೆವು.

ನಾನು ಬಾಮೈದನಿಗೆ ಹೇಳಿದೆ. ಅವತ್ತು ಫೋನಿನಲ್ಲಿ ಹೇಳಿದ್ದು ತಪ್ಪು, ವಾಸನೆ ಅತ್ತೆಯದಲ್ಲ, ನಾನು ಮಾಡಿದ ಕೆಲಸದ್ದು. ಅವನು ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಕಿವಿಯವರೆಗೆ ಕೆಂಪಾದ. ನಾನು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. ಅತ್ತೆ ಹೋದರೆ ಆಮೆಯ ಕೆಲಸ ಕೆಡುತ್ತದೆ, ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಇವತ್ತೂ ಎರಡು ತಪ್ಪು ಮಾಡಿದೆ, ಒಂದು ತಿಂಗಳಾದರೂ ನೋಡಿಕೊಳ್ಳುವವರು ಬೇಕು ಎಂದೆಲ್ಲ ಹೇಳಿದೆ.

ಅತ್ತೆ ಬಕಲ್ ಬಿಟ್ಟು ತಲೆಯೆತ್ತಿದರು.

"ಆಮೆ ವಿಷಯ ಸಾಕು ಅಳಿಯಂದಿರೇ. ಅದಕ್ಕೆ ನಾನು ಬೇಕಾಗಿಲ್ಲ. ನಾನು ಇರಬೇಕಾ, ಹೋಗಬೇಕಾ? ಅಷ್ಟು ಹೇಳಿ."

ಮೂವತ್ತು ವರ್ಷ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಧೈರ್ಯ ಹೇಳಿದ್ದೇನೆ. ಇವತ್ತು ಕೈಯಲ್ಲಿದ್ದ ಚೀಲವನ್ನು ಮೊದಲು ನೆಲಕ್ಕಿಟ್ಟೆ.

"ಇರಿ," ಅಂದೆ.

ಅವರು ನನ್ನನ್ನೇ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಿದೆ.

"ಹಾಗಾದ್ರೆ ಬಂದು ಇದನ್ನ ಬಿಚ್ಚಿ. ಒಂದು ಕಾಲಿಗೆ ಹಾಕ್ಕೊಳ್ಳೋಕೇ ಕಾಲು ಗಂಟೆ ಆಯ್ತು."

ನೆಲದ ಮೇಲೆ ಕೂತು ಚಪ್ಪಲಿ ಬಿಚ್ಚಿದೆ. ಬಾಮೈದ ಕಿಟಕಿಯ ಕಡೆ ತಿರುಗಿ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡ. ಆ ಕರವಸ್ತ್ರವನ್ನು ಮಡಚಿ ಮತ್ತೆ ಜೇಬಿಗೇ ಇಟ್ಟುಕೊಂಡ, ಥೂ. ಆಮೇಲೆ, ಅಮ್ಮನ ಸಾಮಾನಿಗೆ ಅಂತ ಡಿಕ್ಕಿಯಲ್ಲಿದ್ದ ಕನ್ನಡಕದ ಪೆಟ್ಟಿಗೆಯನ್ನೆಲ್ಲ ಮನೆಯಲ್ಲಿ ಇಳಿಸಿ ಬಂದಿದ್ದೀನಿ, ಈಗ ಖಾಲಿ ಡಿಕ್ಕಿ ತಗೊಂಡು ಹೋದ್ರೆ ನನ್ನ ಹೆಂಡತಿ ನಗ್ತಾಳೆ ಅಂದ. ನಗ್ಲಿ ಬಿಡೋ, ನಗೋದು ಒಳ್ಳೇದು ಅಂದರು ಅತ್ತೆ. ಊಟ ಮಾಡಿ ಮೂರಕ್ಕೆ ಹೊರಟ. ಮುಂದಿನ ತಿಂಗಳು ಹೆಂಡತಿಯನ್ನೂ ಕರೆದುಕೊಂಡು ಬರುತ್ತಾನಂತೆ.

ಅವನನ್ನು ಕಳಿಸಿ ಬರುವಾಗ ನಮ್ಮ ಕಟ್ಟಡದ ಲಿಫ್ಟಿನ ಒಳಗೆ ಹೊಸ ಚೀಟಿ ಅಂಟಿಸಿದ್ದರು. ತೊಟ್ಟಿ ತೊಳೆಯುವ ಕೆಲಸವಿರುವುದರಿಂದ ನಾಳೆ ನೀರು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ಇಬ್ಬರ ಸ್ನಾನವೂ ಅಷ್ಟರಲ್ಲಿ ಆಗಬೇಕು.